ಬಾಳೆ ಮೀನಿನ ತಲೆ

ಇದು ಮೊದಲು ಆಗಿದ್ದು ಕೆಂಚಯ್ಯನಿಗೆ. ನಮ್ಮ ಚಿಕ್ಕಪ್ಪನ ಮಗ. ಇನ್ನೂ ಗಟ್ಟಿಯಾಗಿದ್ದಾನೆ, ಬೇಕಾದವರು ಹೋಗಿ ಕೇಳಬಹುದು. ಆಮೇಲೆ ನನಗಾಯ್ತು.

2001ನೇ ಇಸವಿ. ಮಳೆ ಹಿಡಿದು ಕಾವೇರಿಗೆ ಹೊಸನೀರು ಬಂದಿತ್ತು. ನಮ್ಮೂರು ರಾಮನಾಥಪುರದಿಂದ ಕೆಳಕ್ಕೆ, ಹೊಳೆ ದಂಡೇಲಿದೆ. ಹೊಳೆಯಿಂದ ಊರಿಗೆ ಒಂದೇ ದಾರಿ. ಹೊಗೆಸೊಪ್ಪಿನ ಹೊಲ ದಾಟಿದ್ರೆ ಒಂದು ಆಲದ ಮರ. ಮರದ ಕೆಳಗೆ ಹಾಳು ಬಾವಿ. ನೀರು ಸೇದೋರಿಲ್ಲ, ಹಗ್ಗ ಇಲ್ಲ. ಹಳೇ ಮರದ ರಾಟೆ ಒಂದು ಉಳಕೊಂಡಿದೆ. ಗಾಳಿ ಬಂದ್ರೆ ಕಿರ್... ಕಿರ್... ಅನ್ನುತ್ತೆ.

ಆ ರಾತ್ರಿ ಗಾಳಿ ಇರಲಿಲ್ಲವಂತೆ.

ಕೆಂಚ ಬಾಳೆ ಮೀನು ಹಿಡಿದು ಬರ್ತಿದ್ದ. ಬಾಳೆ ಗೊತ್ತಲ್ಲ... ಹುರುಪೆ ಇಲ್ಲದ ಮೀನು. ದೊಡ್ಡ ಬಾಯಿ, ಎರಡು ಉದ್ದ ಮೀಸೆ. ಹೊಸನೀರಿಗೇ ಅದು ಮೇಲೆ ಬರೋದು. ಹಿಡಿಯೋಕೂ ಅದೇ ಚೆಂದ, ತಿನ್ನೋಕೂ ಅದೇ ಚೆಂದ. ನಮ್ಮ ಕಡೆ ಬೇರೆ ಮೀನಿನ ಮಾತು ಯಾರೂ ಎತ್ತಲ್ಲ.

ಚೀಲ ಹೆಗಲ ಮೇಲೆ. ಮೀನಿಗೆ ಇನ್ನೂ ಜೀವ. ಬೆನ್ನಿಗೆ ಪಟ್... ಪಟ್... ಅಂತ ಬಾಲ ಬಡೀತಿತ್ತು. ಆಲದ ಮರದ ಹತ್ತಿರ ಬಂದ. ರಾಟೆ ಕಿರ್ ಅಂತು. ಒಂದೇ ಸಲ.

ಹಿಂದೆ ಕೆಸರಲ್ಲಿ ಕಾಲು ಇಟ್ಟ ಸದ್ದು. ಪಚ್... ಪಚ್...

ಇವನು ನಿಂತ. ಅದೂ ನಿಂತಿತು.

ಆಮೇಲೆ ಉಸಿರು. ಸುಯ್... ಸುಯ್... ಒಡೆದ ಓಲೆಗರಿ ಪೀಪಿ ಊದಿದಾಗ ಬರೋ ಸದ್ದು.

"ಏನ್ ಮೀನ್ಲಾ, ಕೆಂಚ?"

ಪಿಸುಮಾತು. ಕೆಂಚ ತಿರುಗಲಿಲ್ಲ. ತಿರುಗೋದು ಬೇಕಿರಲಿಲ್ಲ. ಆ ಉಸಿರು ಅವನಿಗೆ ಗೊತ್ತು. ನಮ್ಮ ಬೀದಿಯವರಿಗೆಲ್ಲ ಗೊತ್ತು.

ಅದು ಸುಬ್ಬಮ್ಮಂದು. ನನ್ನ ಹೆಂಡತಿ. ಆ ಬೇಸಿಗೇಲಿ ಹೋದೋಳು.

ಅವಳ ವಿಷಯ ಸ್ವಲ್ಪ ಹೇಳಬೇಕು. ಉಬ್ಬಸ ಇತ್ತು. ಮದುವೆಯಾಗಿ ಬಂದಾಗಿಂದ ಒಲೆ ಊದಿ ಊದಿ ಬಂದದ್ದು. ಬಾಳೆ ಮೀನು ಅಂದ್ರೆ ಅವಳಿಗೆ ಪ್ರಾಣ. ಮೈ ತುಂಡು ಯಾರಾದ್ರೂ ತಿನ್ನಲಿ, ತಲೆ ಅವಳಿಗೆ. ಯಾರು ಹೊಳೆಯಿಂದ ಬಂದ್ರೂ ಬಾಗಿಲಲ್ಲಿ ನಿಂತು, ಏನ್ ಮೀನ್ಲಾ ಅನ್ನೋಳು. ಬಾಳೆ ಅಂದ್ರೆ ಸಾಕು, "ತಲೆ ನಂಗಿರ್ಲಿ."

ಕೆಂಚ ರೇಗಿಸೋನು. "ತಲೆ ನಿಂಗ್ ಕೊಟ್ರೆ ನಂಗೇನತ್ತಿಗೆ, ಮೀಸೇನಾ?"

"ಮೀಸೆ ನಿಮ್ಮಣ್ಣಂಗೆ ಕೊಡು ಕಣ್ಲಾ. ಪಾಪ, ನಾಕೇ ಕೂದ್ಲು ಅವೆ."

ರಾತ್ರಿ ಹೊತ್ತು ಮೀನು ತರೋರು ಒಂದು ತುಂಡು ಇದ್ದಿಲು ಜೊತೆಗಿಟ್ಕೊಂಡು ಬರ್ತಾರೆ. ಇಲ್ಲಾ ಕಬ್ಬಿಣ. ಬರಿದೇ ತಂದ್ರೆ ವಾಸನೆಗೆ ಹಸಿದವರು ಹಿಂದೆ ಬರ್ತಾರೆ. ಹಸಿದವರು ಅಂದ್ರೆ ಸತ್ತವರು. ಇದ್ದಿಲು ಇದ್ರೆ ಹಿಂದೆ ನಿಂತು ಕೇಳಬಹುದು, ಮುಟ್ಟೋ ಹಾಗಿಲ್ಲ. ಬೇರೆಯವರು ಇದ್ದಿಲನ್ನ ಚೀಲಕ್ಕೆ ಹಾಕ್ತಾರೆ. ಸುಬ್ಬಮ್ಮ ಹಾಗಲ್ಲ. ನಾನು ಹೊಳೆಗೆ ಹೊರಟ್ರೆ ಒಲೆಯಿಂದ ತುಂಡು ಆರಿಸಿ ಕೊಡೋಳು. "ಮೀನಿನ ಬಾಯಿಗೇ ತುರುಕಿ. ಚೀಲಕ್ಕಾಕಿದ್ರೆ ಬಿದ್ದೋಯ್ತದೆ." ಮರೆತು ಹೊರಟ್ರೆ ಬೀದಿ ಕೊನೇವರೆಗೂ ಓಡಿ ಬರೋಳು. ಆ ಉಸಿರಲ್ಲಿ.

ಆಮೇಲೆ ಹಾಸನದ ಡಾಕ್ಟರು, ಹೊಗೆ ಆಗಲೇಬಾರದು ಅಂದ್ರು. ಒಲೆ ಕಿತ್ತು ಹಾಕಿದ್ವಿ. ಅಳಿಯ ಗ್ಯಾಸ್ ತಂದುಕೊಟ್ಟ. ಅವಳು ಸಿಲಿಂಡರ್ ನೋಡ್ತಾ ಕೂತಿದ್ದಳು.

"ಎಲ್ಲಾ ಸರಿ. ಇನ್ಮೇಲೆ ನಿಮಗೆ ಇದ್ದಿಲು ಎಲ್ಲಿಂದ ತರ್ಲಿ? ಇದನ್ನ ಕೆರೆದು ಕೊಡ್ಲಾ?"

ಗ್ಯಾಸ್ ಬಂತು. ಉಬ್ಬಸ ಹೋಗಲಿಲ್ಲ.

ಕೊನೆಗೆ ಅನ್ನ ಬೇಡ ಅಂದಳು. ಗಂಜಿ ಬೇಡ ಅಂದಳು. ಬಾಳೆ ತಲೆ ಸಾರು ಅಂದಳು. ಹೊಳೆ ಬತ್ತಿತ್ತು. ಮೊಣಕಾಲು ಮುಳುಗ್ತಿರಲಿಲ್ಲ. ಗುಂಡಿ ಗುಂಡಿಗೂ ಗಾಳ ಹಾಕಿದೆ. ಗೆಂಡೆ ಮರಿ ಬಿದ್ದವು. ಹೊಳೆನರಸೀಪುರದ ತನಕ ಹೋದೆ. ಅಲ್ಲೂ ಬರೀ ಕೆರೇಲಿ ಸಾಕಿದ ಕಾಟ್ಲಾ ಮೀನು. ಅದನ್ನೇ ತಂದು ಸಾರು ಮಾಡಿಸಿದೆ. ಮೂಸಿ ನೋಡಿದಳು.

"ಇರ್ಲಿ ಬುಡಿ. ಮಳೆ ಬರ್ಲಿ."

ಮಳೆ ಬಂತು. ಅವಳಿರಲಿಲ್ಲ. ತಿಥಿಗೂ ಕಾಟ್ಲಾನೇ ಎಡೆ ಇಟ್ಟದ್ದು. ಕಾಗೆ ಬಂತು... ನೋಡ್ತು... ಹೋಯ್ತು.

ಈಗ ಕೆಂಚನ ಹತ್ತಿರಕ್ಕೆ ಬರ್ತೀನಿ. ಬಾವಿ ಹತ್ತಿರ ನಿಂತಿದ್ದಾನೆ. ಹಿಂದೆ ಉಸಿರು.

"ಏನ್ ಮೀನ್ಲಾ?"

"ಬಾಳೆ..." ಅಂದನಂತೆ. ಬಾಯಿ ತಾನೇ ಅಂದುಬಿಡ್ತಂತೆ.

"ತಲೆ ನಂಗಿರ್ಲಿ."

ಕೆಂಚ ಚೀಲದೊಳಗೆ ಕೈ ಹಾಕಿ ಇದ್ದಿಲು ಹಿಡಕೊಂಡ.

"ಕೊಡಕ್ಕಾಗಲ್ಲ ಅತ್ತಿಗೆ... ಬುಟ್ಬುಡು."

ಸುಯ್... ಸುಯ್...

"ಇದ್ಲು ಇಟ್ಟಿದ್ದೀಯಾ?"

"ಹೂಂ."

"ಒಳ್ಳೇದಾಯ್ತು. ಓಗು."

ಪಚ್... ಪಚ್... ಹೆಜ್ಜೆ ಬಾವಿ ಕಡೆ ಹೋಯ್ತು. ಕೆಂಚ ಓಡಿದ.

ಬೆಳಿಗ್ಗೆ ಬಂದು ನನಗೆ ಹೇಳಿದ. ಜಗುಲಿ ಮೇಲೆ ಕೂತಿದ್ದೆ. ನನಗೆ ಭಯ ಆಗಲಿಲ್ಲ. ಏನಾಯ್ತು ಅಂತ ಹೇಳೋಕೆ ಬರಲ್ಲ.

"ಯಾಕ್ಲಾ ಕೊಡ್ಲಿಲ್ಲ?"

"ಎದ್ರಿಕೆ ಆಯ್ತು ಕಣಣ್ಣ. ಕೈ ಬರ್ಲಿಲ್ಲ."

"ತಲೆ ತಾನೇ ಕೇಳಿದ್ದು."

"ತಲೆ ತಾನೇ ಕಣಣ್ಣ."

"ಎಲ್ಲೈತೆ ಈಗ?"

ಅವನು ನೆಲ ನೋಡಿದ. "ರಾತ್ರಿಯೇ ತಿಂದ್ಬುಟ್ವಲ್ಲ."

ಅವನನ್ನ ಬಯ್ಯಲಿಲ್ಲ. ಯಾರಾದ್ರೂ ಅಷ್ಟೇ. ಆದ್ರೆ ನನ್ನನ್ನ ಕೇಳದೆ ಅವನನ್ನ ಯಾಕೆ ಕೇಳಿದಳು ಅಂತ ಅನ್ನಿಸ್ತು. ನಾನು ಹೊಳೆಗೆ ಹೋಗಿರಲಿಲ್ಲ. ಅದಕ್ಕೇ ಇರಬೇಕು. ಅವಳು ಹೋದ ಮೇಲೆ ಗಾಳ ಮುಟ್ಟಿರಲಿಲ್ಲ.

ಅವತ್ತೇ ಸಾಯಂಕಾಲ ಹೊರಟೆ. ಮಗಳು ಪ್ರೇಮಕುಮಾರಿ ಶಾಂತಿಗ್ರಾಮದಿಂದ ಬಂದಿದ್ದಳು, ನನಗೆ ಅಡಿಗೆ ಮಾಡಿ ಹಾಕೋಕೆ.

"ಈ ಹೊತ್ನಲ್ಲಿ ಎಲ್ಲಿಗಪ್ಪಾ?"

"ಹೊಳೆಗೆ."

"ಇದ್ಲು ಇಲ್ವಲ್ಲ ಮನೇಲಿ. ತಡಿ, ಚಾಕು ಆದ್ರೂ ತಕೊಂಡೋಗು."

"ಬ್ಯಾಡ."

ಅವಳು ನನ್ನ ಮುಖ ನೋಡಿದಳು. ಕೆಂಚ ಅವಳಿಗೂ ಹೇಳಿದ್ದ.

ಆ ರಾತ್ರಿ ಬೀಳಲಿಲ್ಲ. ಮಾರನೇ ರಾತ್ರಿಯೂ ಬೀಳಲಿಲ್ಲ. ನೀರು ಕೆಂಪಗಿತ್ತು, ಓಟ ಜೋರು. ಕೊನೆಗೊಂದು ರಾತ್ರಿ ಕಪ್ಪೆ ಕಟ್ಟಿ ಬಿಟ್ಟಿದ್ದೆ, ದಾರ ಜಗ್ಗಿತು. ಬಾಳೆಯ ಜಗ್ಗು ಬೇರೆ. ಒಂದು ಸಲ ಎಳೆದು, ಯೋಚನೆ ಮಾಡಿದ ಹಾಗೆ ನಿಂತು, ಮತ್ತೆ ಎಳೆಯುತ್ತೆ. ದಡಕ್ಕೆ ತಂದೆ. ನನ್ನ ಮೊಳಕೈಯಿಂದ ಬೆರಳ ತುದಿ ದಾಟಿ ಇತ್ತು.

ಬಾಯಿಗೆ ಕೈ ಹಾಕಿ ಗಾಳ ಬಿಚ್ಚಿದೆ. ಹಲ್ಲು ತಗಲಿ ಬೆರಳು ಹರೀತು. ಗಂಟಲವರೆಗೂ ಬೆರಳು ಹೋಗಿತ್ತು. ಬಾಯಲ್ಲಿ ಏನೂ ಇರಲಿಲ್ಲ. ಇದನ್ನ ನೆನಪಿಟ್ಕೊಳ್ಳಿ.

ಚಪ್ಪಲಿಗೆ ಮೊಳೆ ಇದೆ ಅಂತ ಚಪ್ಪಲಿ ಮನೇಲೇ ಬಿಟ್ಟಿದ್ದೆ. ಬ್ಯಾಟರಿನೂ ತಂದಿರಲಿಲ್ಲ. ಗಾಳವೂ ಕಬ್ಬಿಣವೇ ಅಂತ ಆಗ ಹೊಳೀತು. ಅದನ್ನ ದಾರದ ಸಮೇತ ಹೊಳೆಗೆ ಎಸೆದೆ. ಮೀನನ್ನ ಟವೆಲಲ್ಲಿ ಸುತ್ತಿ ಎದೆಗೆ ಹಿಡಕೊಂಡು ನಡೆದೆ.

ಬಾವಿ ಹತ್ತಿರ ಬಂದೆ. ಕಟ್ಟೆ ಮೇಲೆ ಕೂತೆ. ಟವೆಲ್ ತೊಡೆ ಮೇಲೆ ಇಟ್ಕೊಂಡೆ. ಎರಡು ಕೈ ಅದರ ಮೇಲೆ. ಮೀನು ಕಿವಿರು ತೆಗೆದು ಮುಚ್ಚೋದು ಅಂಗೈಗೆ ಗೊತ್ತಾಗ್ತಿತ್ತು.

"ಸುಬ್ಬೀ..." ಅಂದೆ.

ಕಪ್ಪೆಗಳು ವಟಗುಟ್ತಿದ್ವು.

"ತಂದಿದ್ದೀನಿ. ಬಾಳೆ. ತಲೆ ನಿಂಗೇ."

ಏನಿಲ್ಲ.

"ಇದ್ಲು ಇಟ್ಟಿಲ್ಲ ಕಣೇ. ಕಬ್ಣಾನೂ ಇಲ್ಲ. ಬಾ."

ಕಪ್ಪೆಗಳು ನಿಂತ್ವು. ಒಟ್ಟಿಗೆ. ಬಾವಿಯೊಳಗೆ ಎಲ್ಲೋ ನೀರು ತೊಟ್... ಅಂತು. ರಾಟೆ ಕಿರ್ ಅಂತು. ಆಮೇಲೆ... ಸುಯ್... ನನ್ನ ಎಡಗಡೆ. ತುಂಬಾ ಹತ್ತಿರ. ಒಂದು ಸಲ. ಮೀನು ಒದ್ದಾಡ್ತು. ಗಟ್ಟಿಯಾಗಿ ಒತ್ತಿ ಹಿಡಿದೆ. ಸುಮ್ಮನಾಯ್ತು.

ಕಾದೆ. ಏನಾದ್ರೂ ಅನ್ನಲಿ ಅಂತ ಕಾದೆ. ಏನ್ ಮೀನು ಅಂತಾದ್ರೂ ಕೇಳಲಿ. ಬಯ್ಯಲಿ. ಏನೂ ಇಲ್ಲ. ಕಪ್ಪೆಗಳು ಮತ್ತೆ ಶುರುಮಾಡಿದ್ವು.

ನಾನು ನಿದ್ದೆ ಮಾಡಲಿಲ್ಲ. ನಿದ್ದೆ ಮಾಡಿರಬೇಕು ಅಂತ ಹೇಳ್ತಾರೆ. ಇಲ್ಲ. ಹೆಂಡತಿಗೆ ಅಂತ ಮೀನು ಇಟ್ಕೊಂಡು ಕೂತವನಿಗೆ ನಿದ್ದೆ ಬರಲ್ಲ. ಕೈ ಟವೆಲ್ ಬಿಟ್ಟು ತೆಗೆದಿಲ್ಲ. ರಾಮನಾಥಪುರದ ಮೊದಲ ಬಸ್ಸು ಹಾರ್ನ್ ಹೊಡೆದದ್ದು ಕೇಳ್ತು. ಬೆಳಕಾಯ್ತು. ಮೀನು ಸತ್ತಿತ್ತು. ಎದ್ದು ಬಂದೆ.

ಪ್ರೇಮ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಅವಳೂ ಮಲಗಿರಲಿಲ್ಲ. ಟವೆಲ್ ಹಂಗೇ ಅವಳ ಕೈಗೆ ಕೊಟ್ಟೆ.

"ಬಂದ್ಲಾ?"

"ಉಸಿರು ಒಂದ್ಸಲ ಕೇಳಿಸ್ತು, ಅಷ್ಟೇ."

"ಏನೂ ಅನ್ಲಿಲ್ವಾ?"

"ಇಲ್ಲ ಕಣವ್ವ."

ಅವಳು ಕಣ್ಣು ಒರೆಸಿಕೊಂಡು ಮೀನು ಬಿಚ್ಚಿ ಕಲ್ಲಿನ ಮೇಲೆ ಇಟ್ಟಳು. ಮೈ ಲೋಳೆ ಉಜ್ಜೋಕೆ ಬೂದಿ ಇಲ್ಲ, ಒಲೆ ಇಲ್ಲದ ಮನೆ. ಹುಣಸೆಹಣ್ಣು, ಕಲ್ಲುಪ್ಪು ತಂದಳು. ನಾನು ಕಾಲು ತೊಳೀತಿದ್ದೆ.

"ಅಪ್ಪಾ."

"ಏನವ್ವ."

"ಏನೂ ಇಟ್ಕೊಳ್ದೆ ಹೋಗಿದ್ಯಲ್ಲ ನೀನು."

"ಇಟ್ಟಿಲ್ಲ."

"ಮತ್ತೆ ಇದೇನು?"

ಮೀನಿನ ಬಾಯಿ ಅಗಲಿಸಿ ಹಿಡಿದಿದ್ದಳು. ಒಳಗೆ, ಗಂಟಲಿಗೆ ಒತ್ತಿ ತುರುಕಿದ ಹಾಗೆ, ಒಂದು ತುಂಡು ಇದ್ದಿಲು.

ತೆಗೆದು ನೋಡಿದೆ. ಹೆಬ್ಬೆರಳಷ್ಟಿತ್ತು. ಸುಬ್ಬಿ ಆರಿಸಿ ಕೊಡ್ತಿದ್ದುದೂ ಅಷ್ಟೇ ಇರ್ತಿತ್ತು.

ತಲೆ ಸಾರು ಮಾಡಿಸಿ ಬಾವಿ ಕಟ್ಟೆ ಮೇಲೆ ಇಟ್ಟು ಬಂದೆ. ಸಂಜೆ ನೋಡಿದೆ. ಹಂಗೇ ಇತ್ತು. ಆಮೇಲೂ ಪ್ರತಿ ಮಳೆಗಾಲ ಹೋಗ್ತೀನಿ. ಕಬ್ಬಿಣ ಇಲ್ಲದೆ, ಇದ್ದಿಲು ಇಲ್ಲದೆ, ಬೇಲಿ ಮುಳ್ಳನ್ನೇ ಗಾಳ ಮಾಡಿ. ಅದಕ್ಕೆ ಬಾಳೆ ಬೀಳಲ್ಲ. ಕೂತಿದ್ದು ಬರ್ತೀನಿ. ಉಸಿರು ಮತ್ತೆ ಕೇಳಿಲ್ಲ. ಕೆಂಚನಿಗೂ ಕೇಳಿಲ್ಲ.

ಇದು ಕತೆ ಅಲ್ಲ. ಪ್ರೇಮ ಶಾಂತಿಗ್ರಾಮದಲ್ಲಿದ್ದಾಳೆ, ಬಸ್ ಸ್ಟ್ಯಾಂಡ್ ಹಿಂದಿನ ಬೀದಿ, ಕೇಳಿ. ಇದ್ದಿಲು ನನ್ನ ಹತ್ತಿರವೇ ಇದೆ. ಮೀನಿನ ಬಾಯೊಳಗೆಲ್ಲ ರಕ್ತ, ಲೋಳೆ ಇತ್ತು. ಇದ್ದಿಲು ಒಣಗಿತ್ತು. ಕೈಗೆ ತಗೊಂಡಾಗ ಬೆಚ್ಚಗಿತ್ತು.