ಅಮ್ಮನ್ನ ಕಳ್ಸಿ ಅಂದ ಕಾಮೆಂಟು

ಲೈಟ್ ಆರಿಸ್ಬೇಡಿ, ಇರ್ಲಿ. ಇದು ನಮ್ಮ ಚಿಕ್ಕಮ್ಮನ ಮಗ ಪ್ರಮೋದ್‌ಗೆ ಆಗಿದ್ದು, ಅಂಜನಾಪುರದಲ್ಲಿ. ಕೊನೇಲಿ ನಾನೂ ಅಲ್ಲೇ ನಿಂತಿದ್ದೆ.

ಪ್ರಮೋದ್‌ದು ಜೆ.ಪಿ. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಂದು ರಾತ್ರಿ ಲೇಟಾಗಿ ಬಸ್ಸಿಳಿದು, ಗೆಳೆಯ ದೀಪಕ್ ಜೊತೆ ಮನೆ ಕಡೆ ನಡ್ಕೊಂಡು ಬರ್ತಿದ್ದ. ದಾರೀಲಿ ಆಲದ ಮರ, ಅದರ ಪಕ್ಕ ಹಳೇ ಬಾವಿ. ಗಾರ್ಮೆಂಟ್ಸ್‌ಗೆ ಹೋಗ್ತಿದ್ದ ಕಲ್ಯಾಣಿ ಅನ್ನೋ ಹುಡುಗಿ ಅದರಲ್ಲಿ ಬಿದ್ದು ಸತ್ತ ಮೇಲೆ, ಬಾವಿ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿ ವೆಲ್ಡ್ ಮಾಡ್ಬಿಟ್ಟಿದ್ರು. ಕೈ ಕೂಡ ತೂರಲ್ಲ.

ಒಳಗಿಂದ ಸದ್ದು ಬಂತು. ಗುಳ್... ಗುಳ್... ಕೊಡ ಮುಳುಗಿ ನೀರು ತುಂಬ್ಕೊಳ್ಳೋ ಸದ್ದು. ಆಮೇಲೆ ರಾಟೆ... ಕಿರ್ರ್... ಅಲ್ಲಿ ರಾಟೆ ಎಲ್ಲಿತ್ತು? ಜಾಲರಿ ಹಾಕಿದಾಗ್ಲೇ ಕಿತ್ತು ಗುಜರಿಗೆ ಹಾಕಿದ್ರು.

"ಕೇಳಿಸ್ತಾ?" ದೀಪಕ್ ಪಿಸುಗುಟ್ಟಿದ.

"ಹ್ಞೂಂ."

"ನಡಿ ಮಗಾ... ತಿರುಗಿ ನೋಡ್ಬೇಡ."

ಅಷ್ಟಕ್ಕೇ ಬಿಟ್ಟಿದ್ರೆ ಮುಗೀತಿತ್ತು. ಆದ್ರೆ ಪ್ರಮೋದ್ ತಾನೇ ಕೂತು ಒಂದು ವೆಬ್‌ಸೈಟ್ ಮಾಡ್ಕೊಂಡಿದ್ದ. ಏರಿಯಾ ಸುದ್ದಿ... ನೀರಿನ ಟ್ಯಾಂಕರ್, ರೋಡ್ ಅಗೆದಿದ್ದು, ಅಂಥದ್ದು. ಯಾರೂ ಓದ್ತಿರ್ಲಿಲ್ಲ. ಬಾವಿ ಕತೆ ಬರೆದ. ಸದ್ದು ಕೇಳಿದ್ದು ಅಷ್ಟೇ ಬರೆದ್ರೆ ಸಪ್ಪೆ ಅನ್ಸ್ತು. ಕಲ್ಯಾಣಿ ಹೆಸರು ಹಾಕಿ, ಯಾವನ ಜೊತೆನೋ ಸಂಬಂಧ ಇತ್ತು, ಬಸುರಾಗಿ ಬಾವಿಗೆ ಹಾರಿದ್ಲು, ಈಗ ಗಂಡಸರನ್ನ ಕರೀತಾಳೆ ಅಂತ ಸೇರಿಸಿದ. ಎಲ್ಲ ಸುಳ್ಳು. ಆ ಹುಡುಗಿ ನೀರು ಸೇದೋಕೆ ಹೋಗಿ ಕಾಲು ಜಾರಿದ್ದು.

ಜನ ಮುಗಿಬಿದ್ದು ಓದಿದ್ರು. "ಗುರು, ಕಾಮೆಂಟ್ ಬಾಕ್ಸ್ ಹಾಕು" ಅಂದ್ರು. ನಿದ್ದೆಗೆಟ್ಟು ಅದನ್ನೂ ಮಾಡಿದ. ಹೆಸರು ಬರೆದು, ಮಾತು ಬರೆದು, ಒತ್ತಿದ್ರೆ ಆಯ್ತು. ಲಾಗಿನ್ ಇಲ್ಲ, ಏನಿಲ್ಲ.

ಬಂದ್ವು ನೋಡಿ. 'ಸತ್ತ ಮೇಲೂ ಚಟ ಬಿಟ್ಟಿಲ್ಲ.' 'ರೇಟ್ ಎಷ್ಟಂತೆ ಕೇಳು.' ಇನ್ನೂ ಇದ್ವು, ಮನೇಲಿ ಹೇಳೋ ಹಾಗಿಲ್ಲ.

ಕಲ್ಯಾಣಿ ತಾಯಿ ನಾಗಲಕ್ಷ್ಮಮ್ಮ ಸೊಪ್ಪು ಮಾರ್ಕೊಂಡು ಒಬ್ಬರೇ ಇದ್ರು. ಮಗಳಿದ್ದಾಗ ದಿನಾ ಅವಳೇ ಎಣ್ಣೆ ಹಚ್ಚಿ ಜಡೆ ಹಾಕ್ತಿದ್ಲು, ಈಗ ತಲೆ ಕೆದರ್ಕೊಂಡೇ ಓಡಾಡ್ತಿದ್ರು. ಓದೋಕೆ ಬರಲ್ಲ. ಪಕ್ಕದ ಮನೆಯವರು ಯಾರೋ ಓದಿ ಹೇಳಿದ್ದಾರೆ. ಸಂಜೆ ಪ್ರಮೋದ್ ಮನೆ ಬಾಗಿಲಿಗೆ ಬಂದ್ರು. ಒಳಗೆ ಬರ್ಲಿಲ್ಲ.

"ಅಳಿಸಪ್ಪಾ... ನನ್ನ ಮಗಳು ಅಂಥೋಳಲ್ಲ."

"ನಾನಲ್ಲ ಆಂಟಿ, ಜನ ಬರೀತಾರೆ. ನೀವೂ ಒಂದು ಕಾಮೆಂಟ್ ಬರೀರಿ."

"ನಂಗೆ ಬರೆಯೋಕ್ ಬರಲ್ವಲ್ಲಪ್ಪ."

ಇವನು ನಕ್ಕ. ಅವರು ಹೋದ ಮೇಲೆ ಅದನ್ನೂ ಬರೆದು ಹಾಕಿದ! 'ದೆವ್ವದ ತಾಯಿ ನಮ್ಮ ಮನೆಗೆ ಬಂದಿದ್ರು' ಅಂತ. ಕೆಳಗೆ ಒಬ್ಬ, 'ಮುದುಕೀಗೂ ಅಲ್ಲೇ ಜಾಗ ಇದೆ, ಹೋಗೋಕ್ ಹೇಳು' ಅಂದ. ಅದಕ್ಕೆ ಇನ್ನಷ್ಟು ಜನ ನಕ್ಕರು.

ಆ ರಾತ್ರಿ ಒಂದು ಕಾಮೆಂಟ್ ಬಂತು. ಹೆಸರಿನ ಜಾಗದಲ್ಲಿ 'ಕಲ್ಯಾಣಿ'.

'ಅಮ್ಮನ್ನ ಕಳ್ಸಿ.'

ಯಾವನೋ ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡ ಪ್ರಮೋದ್. ಕೆಳಗೆ ಉತ್ತರ ಬರೆದ... 'ನೀನೇ ಬಂದು ಕರ್ಕೊಂಡು ಹೋಗು.' ನಗೋ ಗೊಂಬೆ ಒಂದು ಹಾಕಿ ಮಲಗಿದ.

ಬೆಳಗಿನ ಜಾವ ಫೋನ್ ಟಿಣ್ ಅಂತು. ಮತ್ತೆ ಅದೇ ಹೆಸರು.

'ಅಮ್ಮ ಬಂದ್ಲು.'

ಚಪ್ಪಲಿ ಕೂಡ ಹಾಕ್ದೆ ನಾಗಲಕ್ಷ್ಮಮ್ಮನ ಮನೆಗೆ ಓಡಿದ. ಬಾಗಿಲು ತೆಗೆದೇ ಇತ್ತು. ಹಾಸಿಗೆ ಹಾಸಿತ್ತು, ಯಾರೂ ಇಲ್ಲ. ಅಲ್ಲಿಂದ ಬಾವಿಗೆ ಬಂದ. ಫೋನ್ ಟಾರ್ಚ್ ಹಾಕಿ ಜಾಲರಿಗೆ ಮುಖ ಒತ್ತಿ ನೋಡಿದ.

ಕೆಳಗೆ ನೀರಲ್ಲಿ ಸೀರೆ ತೇಲ್ತಿತ್ತು.

ಅವನು ಕಿರುಚಿದ್ದು ನಮ್ಮ ಬೀದಿವರೆಗೂ ಕೇಳಿಸ್ತು. ನಾನು ಹೋದಾಗ ಇನ್ನೂ ಜಾಲರಿ ಹಿಡ್ಕೊಂಡು ಜಗ್ತಿದ್ದ. ಬೆರಳಲ್ಲೆಲ್ಲ ರಕ್ತ. ಪೊಲೀಸರು ಬಂದು ಸುತ್ತ ನೋಡಿದ್ರು. ಒಂದು ವೆಲ್ಡಿಂಗೂ ಬಿಟ್ಟಿಲ್ಲ, ಒಂದು ಕಂಬಿ ಬಗ್ಗಿಲ್ಲ. ಕೊನೆಗೆ ಗ್ಯಾಸ್ ಕಟರ್ ತರಿಸಿ ಕೊಯ್ಸಿದ್ರು.

"ಹೆಂಗ್ ಹೋದ್ರು ಸಾರ್?" ಅಂತ ನಾನೇ ಕೇಳ್ದೆ.

ಒಬ್ಬ ಪೊಲೀಸಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟು, "ಹಗ್ಗ ತನ್ನಿ" ಅಂದ.

ಪ್ರಮೋದ್ ಅವತ್ತೇ ಸೈಟ್ ಪೂರ್ತಿ ಅಳಿಸಿದ. ಏನ್ ಪ್ರಯೋಜನ? ಬರೆದೋರು ಯಾರೂ ಮಣ್ಣಿಗೆ ಬರ್ಲಿಲ್ಲ. ಅಂಗಡಿ ಮುಚ್ಚಿದ. ಈಗ ಮನೇಲೇ ಇರ್ತಾನೆ. ಫೋನ್ ಮುಟ್ಟಲ್ಲ. ನಾಲ್ಕು ಮಾತು ಕೇಳಿದ್ರೆ ಒಂದಕ್ಕೆ ಹ್ಞೂಂ ಅಂತಾನೆ.

ನೀವು ನಂಬಿ, ಬಿಡಿ. ಹಗ್ಗ ಹಿಡಿದು ಎಳೆದೋರಲ್ಲಿ ನಾನೂ ಒಬ್ಬ. ನಾಗಲಕ್ಷ್ಮಮ್ಮನ್ನ ಮೇಲೆ ಮಲಗಿಸಿದಾಗ ಸೀರೆ, ಮೈ ಎಲ್ಲ ನೀರು ಸೋರ್ತಿತ್ತು. ತಲೆಕೂದಲು ಮಾತ್ರ ಒಣಗಿತ್ತು. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಬಿಗಿಯಾಗಿ ಜಡೆ ಹೆಣೆದಿತ್ತು.