ಮೊದಲ ಬೆಣ್ಣೆ ಉಂಡೆ

ಹಳೆ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಕೆಲಸದವಳು ಹಿತ್ತಾಳೆ ಚೊಂಬು ಉಜ್ಜುತ್ತಿದ್ದಾಗ, ಅತ್ತಿಗೆ ನಾದಿನಿ ಇಬ್ಬರು ಮರದ ಕಡಗೋಲೊಂದನ್ನು ತಂದು ಮಾಲೀಕನಿಗಾಗಿ ಕಾಯುತ್ತ ನಿಂತರು.

“ಅಮ್ಮನ ಕಡಗೋಲು ಮಾರ್ಲೇಬೇಕಾ ಅತ್ತಿಗೆ?”

“ಮೊಸರು ಕಡೆಯೋಕೆ ಕೂತ್ರೆ ಬೆನ್ನ ಹಿಂದೆ ನಿಮ್ಮಮ್ಮ ಮಾತಾಡ್ತಾರೆ ಕಣೆ.”

“ಸತ್ತ ಮೇಲೂ ಬೈತಾರಾ?”

“ಬೈದಿದ್ರೆ ನಂಗೆ ಅಭ್ಯಾಸ ಇತ್ತಲ್ಲ! ಬೆಣ್ಣೆ ತೇಲಿದ ಕೂಡ್ಲೇ ‘ಮೊದಲ ಉಂಡೆ ನೀನು ತಿನ್ನು ಮಗಳೇ’ ಅಂತಾರೆ.”

“ಮೊದಲ ಉಂಡೆ ಯಾವತ್ತೂ ನಂಗೇ ಇಡ್ತಿದ್ರು...”

“ಹೂಂ. ಇದ್ದಾಗ ಒಂದಿನ ನನ್ನ ಕರೀಲಿಲ್ಲ. ಈಗ ಕರೆದ್ರೆ ಗಂಟಲಲ್ಲಿ ಇಳಿಯುತ್ತಾ?”

ಕಡಗೋಲನ್ನು ಮಾಲೀಕನ ಕೈಗಿತ್ತು ಇಬ್ಬರೂ ತಿರುಗಿ ನೋಡದೆ ಹೋದರು.

ಕೆಲಸದವಳನ್ನು ಮಗಳೇ ಎಂದು ಕರೆಯುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಆ ಕಡಗೋಲನ್ನು ತಾನೇ ಕೊಂಡುಕೊಳ್ಳುವುದೆಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿದಳು. ಸಂಜೆ ಹೋಗಿ ಹಾಲಿಗೆ ಹೆಪ್ಪು ಹಾಕಬೇಕು.