ಸನವಳ್ಳಿಯಲ್ಲಿ ಸಿಕ್ಕ ಶಿಲುಬೆ

ಹಳಿಯಾಳ ಬಸ್‌ಸ್ಟ್ಯಾಂಡಿನಲ್ಲಿ ವತ್ಸಲಾಳ ಕಣ್ಣು ಪುಸ್ತಕದಲ್ಲಿತ್ತು, ಕಿವಿ ಪಕ್ಕದ ಸಿದ್ದಿ ಹೆಂಗಸಿನ ಕಡೆಗಿತ್ತು. ಆಕೆಯ ತಮ್ಮ ಮುಂಡಗೋಡದ ಬಸ್ಸಿನಿಂದ ಬರಿಗೈಯಲ್ಲಿ ಇಳಿದಿದ್ದ.

“ನಮ್ಮ ಹಳೇ ಇಗರ್ಜಿ ಶಿಲುಬೆ ಎಲ್ಲೋ, ಇನಾಸ?”

“ಸನವಳ್ಳಿ ದುರ್ಗವ್ವನ ಮನ್ಯಾಗ ಐತಿ, ಲೂಸಕ್ಕಾ. ಡ್ಯಾಮಿನ ನೀರಿಗೆ ನಾವು ಊರು ಬಿಟ್ಟಾಗ, ಲಾರಿಗೆ ಸಾಮಾನು ಹೇರಾಕ ಬಂದಿದ್ದ ಆಕಿ ಗಂಡ ಒಯ್ದಿದ್ದನಂತ. ಕುಂಕುಮ ಹಚ್ಚಿ ಪೂಜಿ ಮಾಡ್ತಾಳ.”

“ಕೊಡಲಿಲ್ಲೇನು?”

“ಶಿಲುಬೆದು ಎರಡೂ ತೋಳಿಗೆ ಹೂವು ಹಚ್ಚಿ ಕೇಳ್ರಿ, ಬಲಗಡೆದು ಬಿದ್ರ ಒಯ್ಯಿರಿ ಅಂದ್ಳು. ಎಡಗಡೆದು ಬಿತ್ತು.”

“ಕ್ರಿಸ್ತಾಂವ ಆಗಿ ಶಿಲುಬೆಗೆ ಹೂವು ಹಚ್ಚಿ ಕೇಳಿದಿ?”

“ಮೂರು ಸಲ ಕೇಳಿದೆ. ಮೂರೂ ಸಲ ಎಡ. ಮುಟ್ಟಾಕ ಧೈರ್ಯ ಆಗಲಿಲ್ಲ.”

“ನಾಳಿ ಹೊಸ ಇಗರ್ಜಿಗೆ ಪಾದ್ರಿ ಬರ್ತಾರ. ಖಾಲಿ ಗ್ವಾಡಿ ಮುಂದ ಮೊಣಕಾಲೂರೂಣೇನು?”

“ಆ ಶಿಲುಬೆಗೇ ನಮ್ಮ ಕೂಡ ಬರೂ ಮನಸಿಲ್ಲೇನೋ.”

“ನಿನ್ನ ಕೂಡ ಯಾಕ ಬಂದೀತು? ಹಬ್ಬಕ್ಕೊಮ್ಮೆ ಮುಖ ತೋರಿಸಿದಂವ ನೀ. ದಿನಾ ಸೆರಗಿಲೆ ಒರಸಿದಾಕಿ ನಾನು!”

ಅದೇ ಬಸ್ಸು ಮುಂಡಗೋಡಕ್ಕೆ ತಿರುಗಿ ಹೊರಟಿತ್ತು. ಲೂಸಿ ಸೆರಗು ಸಿಕ್ಕಿಸಿಕೊಂಡು ಹತ್ತಿಬಿಟ್ಟಳು.

“ಅಕ್ಕಾ, ಮತ್ತ ಎಡಗಡೆದು ಬಿದ್ರ?”

“ಎಡ ಬಗಲಾಗ ಎತ್ಕೊಂಡು ಬರ್ತೇನಿ, ಕೂಸಿನ್ನ ತಂದಂಗ!”